ತಣ್ಣೀರಿನಾಳದ ಪತ್ತೇದಾರಿ

ಪತ್ತೇದಾರಿ ಕಥೆಯನ್ನು ನೀರಿನಡಿಗೆ ಇಳಿಸಿದ ಕಾದಂಬರಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ನೆವಾಡಾ ಬಾರ್ ಅವರ ‘ಎ ಸುಪೀರಿಯರ್ ಡೆತ್’ (1994). ನಾಯಕಿ ಆನಾ ಪಿಜನ್ ಅಮೆರಿಕದ ಐಲ್ ರಾಯಲ್ ದ್ವೀಪದ ರಾಷ್ಟ್ರೀಯ ಉದ್ಯಾನದ ರೇಂಜರ್. ಆ ದ್ವೀಪದ ಪಕ್ಕ, ಸುಪೀರಿಯರ್ ಸರೋವರದ ತಳದಲ್ಲಿ, 1927ರಲ್ಲಿ ಮುಳುಗಿದ ‘ಕಾಮ್‌ಲೂಪ್ಸ್’ ಹಡಗು ನಿಜವಾಗಿಯೂ ಇದೆ. ಕೊರೆಯುವ ತಣ್ಣೀರಿನಲ್ಲಿ ಹೆಣ ಕೂಡ ದಶಕಗಟ್ಟಲೆ ಉಳಿಯುತ್ತದೆ. ಕಾದಂಬರಿಯಲ್ಲಿ ಹಳೆಯ ನಾವಿಕರ ದೇಹಗಳ ನಡುವೆ ಒಂದು ಹೊಸ ಹೆಣ ಸಿಗುತ್ತದೆ. ಎಂಥ ಆರಂಭ!

ನೆಲದ ಮೇಲಿನ ಪತ್ತೇದಾರರಿಗೆ ಯೋಚಿಸಲು ಬೇಕಾದಷ್ಟು ಹೊತ್ತಿರುತ್ತದೆ. ಮುಳುಗುಗಾರ್ತಿಗೆ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಇರುವಷ್ಟೇ ಹೊತ್ತು. ಆಳಕ್ಕೆ ಹೋದಂತೆ ಸಾರಜನಕ ತಲೆಗೇರಿ ಬುದ್ಧಿ ಮಂಕಾಗುತ್ತದೆ. ಸಾಕ್ಷ್ಯ ಹುಡುಕುವ ಹೊತ್ತಿಗೇ ತನ್ನ ಕಣ್ಣನ್ನು ತಾನು ನಂಬುವಂತಿಲ್ಲ. ಗಾಬರಿಯಿಂದ ಸರ್ರನೆ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಗಳೆದ್ದು ಪ್ರಾಣಕ್ಕೇ ಸಂಚಕಾರ. ತಪ್ಪಿಸಿಕೊಳ್ಳುವುದಕ್ಕೂ ಇಲ್ಲಿ ತಾಳ್ಮೆ ಬೇಕು.

ಸ್ವತಃ ರೇಂಜರ್ ಆಗಿದ್ದ ಬಾರ್ ಈ ಕಷ್ಟವನ್ನು ಬಲ್ಲವರಂತೆ ಬರೆಯುತ್ತಾರೆ. ಬಿಸಿಲುನಾಡಿಗೆ ಒಗ್ಗಿದ ಆನಾಗೆ ಈ ಚಳಿನೀರು ಕಂಡರಾಗದು. ಹೆದರಿಕೆಯನ್ನು ಒಪ್ಪಿಕೊಂಡೇ ಇಳಿಯುವ ಆ ಧೈರ್ಯವೇ ಅವಳನ್ನು ನಂಬುವಂತೆ ಮಾಡುತ್ತದೆ. ಕೊಲೆಗಾರ ಯಾರೆಂಬ ಕುತೂಹಲಕ್ಕಿಂತ ಅವಳು ಕ್ಷೇಮವಾಗಿ ಮೇಲೆ ಬರಲಿ ಎಂಬ ಕಾತರ ಓದುಗರಲ್ಲಿ ಹೆಚ್ಚುತ್ತದೆ. ಒಳ್ಳೆಯ ಥ್ರಿಲ್ಲರ್‌ನಿಂದ ಇದಕ್ಕಿಂತ ಹೆಚ್ಚಿಗೆ ಇನ್ನೇನು ಬೇಕು?