ಕರ್ನೆಲ್ಲಿನಲ್ಲಿ ‘ಸಂಪರ್ಕ’
ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಸಿಗ್ನಲ್ ಹೋದೊಡನೆ ಸಂಪರ್ಕವೇ ಕಡಿಯಿತೆನ್ನುವುದು ರೂಢಿ. ಟಿಸಿಪಿ ಎಂಬ ಸಾಗಣೆ ನಿಯಮಾವಳಿಯನ್ನು ತಂತಿಗೆ ಹೋಲಿಸುವ ಪಾಠಕ್ರಮವೂ ಈ ಭ್ರಮೆಯನ್ನೇ ಬೆಳೆಸುವುದೆಂದು ನಮ್ಮ ಅಭಿಪ್ರಾಯ. ಗಣಕವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲಿ ತಂತಿಯೆಲ್ಲಿ? ಎರಡೂ ತುದಿಗಳಲ್ಲಿ ಕ್ರಮಸಂಖ್ಯೆಗಳ ಲೆಕ್ಕ, ಒಂದು ಗಡಿಯಾರ, ಅಷ್ಟೆ. ಮೂರು ಸಂದೇಶಗಳಿಂದ ಲೆಕ್ಕ ತೆರೆಯುವುದು. ಸ್ವೀಕೃತಿ ಬಾರದಿದ್ದರೆ ಮರಳಿ ಕಳುಹಿಸುವುದು. ಸಿಗ್ನಲ್ ಕ್ಷಣಕಾಲ ಅಳಿದರೂ ಲೆಕ್ಕ ಉಳಿದಿರುವುದು.

1981ರ ನಿಯಮಪತ್ರವು ತೆರೆಯುವ, ಕಳುಹಿಸುವ, ಪಡೆಯುವ, ಮುಚ್ಚುವ ಕಾರ್ಯಗಳನ್ನು ವಿಧಿಸಿತು. ಮಾರ್ಗವು ಕಿಕ್ಕಿರಿದಾಗ ತೋರಬೇಕಾದ ಸಂಯಮವನ್ನು ವಿಧಿಸಲಿಲ್ಲ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನೆರೆಯ ವಿಶ್ವವಿದ್ಯಾಲಯಕ್ಕೂ ನಡುವೆ ಸೆಕೆಂಡಿಗೆ 32,000 ಬಿಟ್‌ಗಳ ವೇಗವು 40ಕ್ಕಿಳಿಯಿತು. ವ್ಯಾನ್ ಜೇಕಬ್ಸನ್ನರ ಪರಿಹಾರವು 1988ರಲ್ಲಿ ಬಿಎಸ್‌ಡಿ ಕರ್ನೆಲ್ಲಿಗೆ ಸೇರಿತು. ಇತಿಹಾಸಕಾರನಿಗೆ (ಶಾಸನಪಾಠ ತಿದ್ದಿ ಬಲ್ಲವನಿಗೆ) ಆ ತಿದ್ದುಪಡಿಯ ಸಾಲುಗಳೇ ನಿಯಮಪತ್ರಕ್ಕಿಂತ ಹಿರಿದಾದ ಆಕರ.