ರಾಣಿಯ ಕೊರಳಂಚಿನ ಎರಡಕ್ಷರ

ಹಳೇ ಬೆಳ್ಳಿ ರೂಪಾಯಿಯನ್ನು ಸೊನಗಾರರ ಮೂಸೆಗೆ ಕೊಡುವ ಮುನ್ನ ರಾಣಿಯ ಕೊರಳನ್ನೊಮ್ಮೆ ನೋಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೇ ಮನೆಗಳಲ್ಲಿ 1840ರ ಇಸವಿಯ ವಿಕ್ಟೋರಿಯಾ ರೂಪಾಯಿ ತೀರಾ ಅಪರೂಪವಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಹರಿವಾಣಕ್ಕೆ ಬರುತ್ತದೆ, ಮತ್ತೆ ಪೆಟ್ಟಿಗೆ ಸೇರುತ್ತದೆ. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಕೊರಳು ಮುಗಿಯುವ ಅಂಚಿಗೆ ಭೂತಗನ್ನಡಿ ಹಿಡಿದರೆ ಹಲವು ನಾಣ್ಯಗಳಲ್ಲಿ ಸಾಸಿವೆಗಿಂತ ಚಿಕ್ಕದಾಗಿ ‘ಡಬ್ಲ್ಯು.ಡಬ್ಲ್ಯು.’ ಕಾಣುತ್ತದೆ. ವಿಲಿಯಂ ವಯಾನ್, ಲಂಡನ್ ಟಂಕಸಾಲೆಯ ಮುಖ್ಯ ಅಚ್ಚು ಕೊರೆತಗಾರ.

ಈ ವಯಾನರದು ತಲೆಮಾರುಗಳಿಂದ ಅಚ್ಚು ಕೊರೆದ ಮನೆತನ. ಚೀನಾದ ಕ್ವಾಂಗ್ತುಂಗ್ ಪ್ರಾಂತ್ಯ 1889ರಲ್ಲಿ ಬೆಳ್ಳಿ ಡಾಲರಿಗೆ ಕೈ ಹಾಕಿದಾಗ ಯಂತ್ರ ಬಂದದ್ದು ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಯಿಂದ. ಅಚ್ಚಿನ ಡ್ರ್ಯಾಗನ್ ಅದೇ ಮನೆತನದ ಅಲನ್ ವಯಾನನ ಕೈಯದು. ಮೊದಲ ಮಾದರಿಯಲ್ಲಿ ಚೀನೀ ಅಕ್ಷರಗಳ ಸುತ್ತ ಇಂಗ್ಲಿಷ್ ಬರಹವಿತ್ತು. ಅದಕ್ಕೆ ಆಕ್ಷೇಪ ಬಂದು ಇಂಗ್ಲಿಷು ಡ್ರ್ಯಾಗನ್ನಿನ ಬದಿಗೆ ಸರಿಯಿತು. ಹಾಗೆ ಕೈಬಿಟ್ಟ ಮಾದರಿಗೇ ಈಗ ಸಂಗ್ರಾಹಕರು ಹಂಬಲಿಸುವುದು. ಮುಂದೆ ತಿಯೆನ್‌ತ್ಸಿನ್ ಟಂಕಸಾಲೆಯಲ್ಲಿ ಇಟಲಿಯ ಲುಯಿಜಿ ಜಾರ್ಜಿ 1914ರ, ಚೀನಾದ ಅಧ್ಯಕ್ಷ ಯುವಾನ್ ಶಿಕಾಯ್‌ನ ಮುಖವಿರುವ ಡಾಲರಿನ ಅಚ್ಚು ಕೊರೆದ. ಭಾವಚಿತ್ರದ ಬಲಕ್ಕೆ ಅವನ ಹೆಸರಿರುವ ಮಾದರಿಗಳುಂಟು. ಚಲಾವಣೆಯ ಸಾಮಾನ್ಯ ಡಾಲರಿನಲ್ಲಿ ಆ ಹೆಸರಿಲ್ಲ. ಕೊರೆದವನ ಹೆಸರು ಉಳಿದ ನಾಣ್ಯವೇ ನನಗೆ ಹೆಚ್ಚು ಪ್ರಿಯ.

ನಮ್ಮ ಪೆಟ್ಟಿಗೆಗಳಲ್ಲೂ ಇಟಲಿಯವನೊಬ್ಬನಿದ್ದಾನೆ. ಅಜ್ಜಿಯ ಪವನಿನ ಸರ ತಿರುವಿ ನೋಡಿ: ಕುದುರೆಯೇರಿದ ಸಂತ ಜಾರ್ಜ್, ಕಾಲಡಿಯಲ್ಲಿ ಡ್ರ್ಯಾಗನ್, ಕೆಳಗೆ ಮೂಲೆಯಲ್ಲಿ ‘ಬಿ.ಪಿ.’ ಬೆನೆಡೆಟ್ಟೊ ಪಿಸ್ಟ್ರೂಚಿ. ರೋಮಿನಲ್ಲಿ ಹುಟ್ಟಿ, ರತ್ನಶಿಲೆಯಲ್ಲಿ ಚಿತ್ರ ಕೊರೆಯುವುದನ್ನು ಕಲಿತವನು. 1817ರ ಪವನಿನಲ್ಲಿ ಅವನ ಸಂತನ ಕೈಲಿದ್ದದ್ದು ಮುರಿದ ಈಟಿ, 1821ರಿಂದ ಕತ್ತಿ. ಪರದೇಶಿಯೆಂಬ ಕಾರಣಕ್ಕೆ ಅವನಿಗೆ ಮುಖ್ಯ ಕೊರೆತಗಾರನ ಹುದ್ದೆ ದಕ್ಕಲಿಲ್ಲ. 1828ರಲ್ಲಿ ಅದು ಸಿಕ್ಕಿದ್ದು ವಿಲಿಯಂ ವಯಾನನಿಗೆ, ಪಿಸ್ಟ್ರೂಚಿಗೆ ಪದಕಗಳ ಮುಖ್ಯಸ್ಥನ ಸ್ಥಾನ. ಒಬ್ಬರನ್ನೊಬ್ಬರು ಸಹಿಸದ ಇಬ್ಬರ ಕೈಕೆಲಸ ಇಲ್ಲಿ ಒಂದೇ ಪೆಟ್ಟಿಗೆಯಲ್ಲಿ, ರೂಪಾಯಿಯಾಗಿ, ಪವನಾಗಿ ಕೂತಿದೆ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿ. ಕುದುರೆಯ ಮೈಕಟ್ಟಿನಲ್ಲಿ ಇಟಲಿಯವನೇ ಮೇಲು ಎಂಬುದು ನನ್ನ ತೀರ್ಪು.

ಐದನೇ ಜಾರ್ಜನ 1918ರ ಪವನಾದರೆ ಇಸವಿಯ ಮೇಲಿನ ನೆಲದ ಗೆರೆಯಲ್ಲಿ ‘ಐ’ ಅಕ್ಷರ ಹುಡುಕಿ. ಅದು ಮುಂಬಯಿಯಲ್ಲಿ ಅಚ್ಚಾದದ್ದರ ಗುರುತು. ಆ ಒಂದೇ ವರ್ಷ, ಸುಮಾರು 13 ಲಕ್ಷ.

ಕೊಂಡಿ ಬೆಸೆದ ಪವನು ಸಂಗ್ರಾಹಕನ ಲೆಕ್ಕದಲ್ಲಿ ಬೆಲೆ ಕಳೆದುಕೊಳ್ಳುತ್ತದೆ, ನಿಜ. ಹಾಗೆಂದು ಕರಗಿಸಬೇಡಿ, ಹುಣಸೆಹುಳಿ ಹಚ್ಚಿ ತಿಕ್ಕಲೂ ಬೇಡಿ. ಸರ ಮುರಿಸಿ ಹೊಸದು ಮಾಡಿಸಲೇಬೇಕೆಂದಿದ್ದರೆ, ಕೊಂಡಿ ಬೀಳದ ಒಂದೆರಡು ಬಿಡಿ ನಾಣ್ಯಗಳನ್ನಾದರೂ ಬೇರೆ ತೆಗೆದು, ಒಂದಕ್ಕೊಂದು ತಾಗದಂತೆ ಕಾಗದದಲ್ಲಿ ಸುತ್ತಿಡಿ.