ಹಿಂಡಿದ ಮಳೆ

ಬ್ಲೂ-ರೇ ಡಿಸ್ಕಿನ ಒಂದು ಪದರಕ್ಕೆ 25 ಜಿಬಿ. ಅದು ತುಂಬಿರೋ ಸಿನಿಮಾನ 700 ಎಂಬಿಗೆ ಇಳಿಸಿದ್ರೆ ಉಳಿಯೋದು ಸುಮಾರು 35ರಲ್ಲಿ ಒಂದು ಪಾಲು. ಎನ್‌ಕೋಡರ್ ಒಂದು ಫ್ರೇಮ್ ನೋಡಿ ಇನ್ನೊಂದನ್ನ ಊಹಿಸ್ತದ. ನಿಂತ ಗೋಡೆ ಸಲೀಸು. ಹನಿಹನಿಯೂ ಓಡೋ ಮಳೆ ಕಷ್ಟ. ಬಿಟ್‌ರೇಟ್ ಸಾಲದಿದ್ರೆ ಮೊದಲು ಕಲಸಿಹೋಗೋದು ಅದೇ.

ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ನೋಡ್ರಿ. ಅಣೆಕಟ್ಟಿನ ನೀರು ಏರೋ ಭಯವೆಲ್ಲ ಅಲ್ಲಿ ಮಳೆಯಲ್ಲೇ ಅದ. ದೇವದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪನ ಮೊಬೈಲಿಗೆ ಅದರ ಹಿಂಡಿದ ಪ್ರತಿ ಹಾಕಿಕೊಟ್ಟಿದ್ದೆ. “ಮಳಿ ಎಲ್ಲದಪಾ? ಬರೇ ಮಬ್ಬು” ಅಂದ. ಮುಗಿಲು ನೋಡ್ತಾ ಬದುಕಿದ ರೈತನಿಗೆ ಮಳೆಯೇ ಕಾಣಲಿಲ್ಲ! ಜಾಗ ಉಳಿಸಿದವ ನಾನು. ಸಿನಿಮಾ ಕಳಕೊಂಡವ ಅಪ್ಪ.

ಪರಿವರ್ತಿಸುವಾಗ ಗಾತ್ರ ನಿಗದಿ ಮಾಡಬ್ಯಾಡ್ರಿ, ಗುಣಮಟ್ಟ ನಿಗದಿ ಮಾಡ್ರಿ. ಮಳೆ ತನಗೆ ಬೇಕಾದಷ್ಟು ಜಾಗ ತಾನೇ ತಗೊಳ್ತದ.